ಪ್ರವಾಸಕ್ಕೆ ಹೊರಡುವ ಮುಂಚೆ ನೀರು ಕುಡಿಯುವುದನ್ನು ಬಿಡಬೇಡಿ

ನಾನು ವಯಸ್ಸಾದವರಿಗೆ ಚಿಕಿತ್ಸೆ ಕೊಡುವ ವೈದ್ಯ. ನಿವೃತ್ತಿಯಾದ ಮೇಲೆ ಊರು ಸುತ್ತಬೇಕು, ಹೊರಗೆ ಊಟ ಮಾಡಬೇಕು, ಓದಬೇಕು, ಗೆಳೆಯರ ಜೊತೆ ಕೂತು ಹರಟಬೇಕು ಅನ್ನುವವರ ಪತ್ರಗಳು ಬರುತ್ತಲೇ ಇರುತ್ತವೆ. ಅವುಗಳಲ್ಲಿ ಒಂದು ಪ್ರಶ್ನೆ ಮಾತ್ರ ನನ್ನನ್ನು ಬಿಡುವುದೇ ಇಲ್ಲ. ಕೆಲವರು ನೇರವಾಗಿ ಕೇಳುತ್ತಾರೆ, ಕೆಲವರು ನಾಚಿಕೊಂಡು ಸುತ್ತಿ ಬಳಸಿ ಕೇಳುತ್ತಾರೆ. ಎಷ್ಟು ಸಲ ಹೇಳಿದರೂ ಜನ ಅದೇ ತಪ್ಪು ಮಾಡುತ್ತಾರೆ. ಹಾಗಾಗಿ ಈ ಸಲ ಹೆಚ್ಚಿನ ಜಾಗ ಅದಕ್ಕೇ.

ಪ್ರಶ್ನೆ: ನನಗೆ 67 ವರ್ಷ. ಬಿ.ಪಿ.ಗೆ ನೀರಿನ ಮಾತ್ರೆ (ಮೂತ್ರ ಹೆಚ್ಚು ಮಾಡುವ ಮಾತ್ರೆ) ತೆಗೆದುಕೊಳ್ಳುತ್ತೇನೆ. ಮೂತ್ರ ಬಂತು ಅಂದರೆ ತಡೆಯಲು ಆಗುವುದಿಲ್ಲ. ಅದಕ್ಕೇ ಪ್ರಯಾಣ ಇದ್ದರೆ ಹಿಂದಿನ ರಾತ್ರಿಯಿಂದ ನೀರು ಕುಡಿಯುವುದಿಲ್ಲ, ಮಾತ್ರೆಯನ್ನೂ ಬಿಡುತ್ತೇನೆ. ಗೆಳತಿಯರು ಎಂಟು ದಿನದ ಪ್ರವಾಸಕ್ಕೆ ಕರೆಯುತ್ತಿದ್ದಾರೆ. ಹೀಗೇ ಮಾಡಿಕೊಂಡು ಹೋಗಲಾ, ಅಥವಾ ಸುಮ್ನೆ ಮನೆಯಲ್ಲೇ ಇದ್ದುಬಿಡಲಾ?

ಹೀಗೆ ಮಾಡಿಕೊಂಡು ಹೋಗಬೇಡಿ. ಮನೆಯಲ್ಲೂ ಕೂರಬೇಡಿ.

ಮೊದಲು ನೀರಿನ ವಿಷಯ. ನೀರು ಬಿಟ್ಟರೆ ಮೂತ್ರದ ಪ್ರಮಾಣ ಕಡಿಮೆಯಾಗುತ್ತದೆ, ನಿಜ. ಆದರೆ ಅವಸರ ಕಡಿಮೆಯಾಗುವುದಿಲ್ಲ. ಗಾಢವಾದ ಮೂತ್ರ ಮೂತ್ರಕೋಶವನ್ನು ಕೆರಳಿಸುತ್ತದೆ, ಸ್ವಲ್ಪ ತುಂಬಿದರೂ ಓಡಿಸುತ್ತದೆ. ಜೊತೆಗೆ ಮಲಬದ್ಧತೆ ಬರುತ್ತದೆ. ಗಟ್ಟಿಯಾದ ಮಲ ಪಕ್ಕದಲ್ಲೇ ಇರುವ ಮೂತ್ರಕೋಶವನ್ನು ಒತ್ತುತ್ತದೆ, ಆಗ ಇನ್ನಷ್ಟು ಅವಸರ. ಯಾವುದಕ್ಕೆ ಹೆದರಿ ನೀರು ಬಿಟ್ಟಿರೋ ಅದೇ ಜಾಸ್ತಿಯಾಯಿತು, ಅಲ್ವಾ?

"ನನಗೆ ಬಾಯಾರಿಕೆಯೇ ಆಗಲ್ಲ ಡಾಕ್ಟ್ರೇ, ಹಾಗಾಗಿ ಪರವಾಗಿಲ್ಲ" ಅನ್ನುವವರು ಇದ್ದಾರೆ. ಪರವಾಗಿಲ್ಲ ಅಂತ ಅಲ್ಲ, ಅಪಾಯವೇ ಅಲ್ಲಿರುವುದು. ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ 1984ರಲ್ಲಿ ಒಂದು ಚಿಕ್ಕ ಅಧ್ಯಯನ ಬಂತು. ಆರೋಗ್ಯವಾಗಿದ್ದ ಯುವಕರಿಗೂ, 67ರಿಂದ 75 ವಯಸ್ಸಿನ ಗಂಡಸರಿಗೂ 24 ಗಂಟೆ ನೀರು ಕೊಡಲಿಲ್ಲ. ದೇಹ ಒಣಗಿದ್ದರೂ ವಯಸ್ಸಾದವರಿಗೆ ಬಾಯಾರಿಕೆ ಅಷ್ಟಾಗಿ ಗೊತ್ತಾಗಲಿಲ್ಲ. ನೀರು ಕೊಟ್ಟಾಗಲೂ ಅವರು ಯುವಕರಿಗಿಂತ ಕಡಿಮೆ ಕುಡಿದರು. ಅಂದರೆ ಈ ವಯಸ್ಸಿನಲ್ಲಿ ಬಾಯಾರಿಕೆಯನ್ನು ನಂಬಿ ಕೂರುವಂತಿಲ್ಲ, ಗಡಿಯಾರ ನೋಡಿ ಕುಡಿಯಬೇಕು.

ಕೆಲವು ವರ್ಷಗಳ ಹಿಂದೆ ಒಬ್ಬ ತಾಯಿಯನ್ನು ಸ್ನೇಹಿತೆಯರು ಪ್ರವಾಸದ ಬಸ್ಸಿನಿಂದ ನೇರವಾಗಿ ನನ್ನ ಬಳಿ ಕರೆತಂದಿದ್ದರು. ಹತ್ತು ಗಂಟೆ ಪ್ರಯಾಣ ಮಾಡಿ, ಇಳಿಯಲು ಎದ್ದು ನಿಂತವರೇ ಕುಸಿದಿದ್ದರು. ನಾಲಿಗೆ ಒಣಗಿ ಬಿರುಕು ಬಿಟ್ಟಿತ್ತು. ಇದು ಯಾವ ಊರು ಅಂತ ಮೂರು ಸಲ ಕೇಳಿದರು. ಮಡಿಲಲ್ಲಿ ಕೈಚೀಲ, ಅದರೊಳಗೆ ನೀರಿನ ಬಾಟಲಿ. ಮುಚ್ಚಳದ ಸೀಲ್ ಕೂಡ ಒಡೆದಿರಲಿಲ್ಲ. ಬಿದ್ದ ಪೆಟ್ಟಿಗೆ ಮಣಿಕಟ್ಟು ಮುರಿದಿತ್ತು. ಸೊಂಟ ಮುರಿಯದೇ ಇದ್ದದ್ದು ಅವರ ಅದೃಷ್ಟ. ಆ ಬಾಟಲಿ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ, ಅದಕ್ಕೇ ಈ ವಿಷಯ ಬಂದರೆ ನನ್ನ ದನಿ ಸ್ವಲ್ಪ ಏರುತ್ತದೆ.

ಇನ್ನೊಂದು ಮಾತು. ನೀರು ಬಿಡುವವರು ಸೀಟು ಬಿಟ್ಟು ಏಳುವುದೂ ಇಲ್ಲ. 4 ಗಂಟೆಗಿಂತ ಜಾಸ್ತಿ ಅಲ್ಲಾಡದೆ ಕೂತು ಪ್ರಯಾಣ ಮಾಡಿದರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಸಾಧ್ಯತೆ ಸುಮಾರು ಎರಡು ಪಟ್ಟಾಗುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲೇ ಹೇಳಿದೆ. ಇದು ವಿಮಾನಕ್ಕೆ ಮಾತ್ರ ಅಲ್ಲ, ಬಸ್ಸು, ಕಾರು, ರೈಲಿಗೂ ಅನ್ವಯ. ಒಟ್ಟಿನಲ್ಲಿ ಇದು ಅಪರೂಪವೇ, ಆದರೆ ಹಾಗೆ ಕಟ್ಟಿದ ಹೆಪ್ಪು ಶ್ವಾಸಕೋಶಕ್ಕೆ ಹೋದರೆ ಪ್ರಾಣಕ್ಕೇ ಕುತ್ತು. ನೀರು ಕುಡಿದವರು ಎದ್ದು ಓಡಾಡಲೇಬೇಕಾಗುತ್ತದೆ. ಒಳ್ಳೆಯದೇ ಆಯಿತು. ಓಡಾಡಲು ಜಾಗವಿರುವ ಕಡೆ, ದಾರಿ ಪಕ್ಕದ ಸೀಟು ಕೇಳಿ ಪಡೆಯಿರಿ.

ಈಗ ಮಾತ್ರೆ. ನೀರಿನ ಮಾತ್ರೆಗಳೆಲ್ಲ ಒಂದೇ ಅಲ್ಲ. ಫ್ಯೂರೋಸೆಮೈಡ್ ಆದರೆ ನುಂಗಿದ ಒಂದು ಗಂಟೆಯೊಳಗೆ ಕೆಲಸ ಶುರು ಮಾಡುತ್ತದೆ, ಆರು ಗಂಟೆ ಕಳೆಯುವ ಹೊತ್ತಿಗೆ ಹೆಚ್ಚುಕಡಿಮೆ ಮುಗಿಯುತ್ತದೆ. ಬೆಳಿಗ್ಗೆ ಆರಕ್ಕೆ ನುಂಗಿ ಏಳರ ಬಸ್ಸು ಹತ್ತಿದರೆ ಕಷ್ಟ ಆಗದೆ ಇನ್ನೇನು? ಪ್ರಯಾಣದ ದಿನ ಅದನ್ನು ತಲುಪಿದ ಮೇಲೆ, ಮಧ್ಯಾಹ್ನ ತೆಗೆದುಕೊಳ್ಳಬಹುದಾ ಎಂದು ನಿಮ್ಮ ಡಾಕ್ಟರನ್ನು ಕೇಳಿ. ತುಂಬಾ ಜನರಿಗೆ ಇಷ್ಟೇ ಸಾಕು. ಸಂಜೆ ಮೇಲೆ ಮಾತ್ರ ಬೇಡ, ರಾತ್ರಿಯ ನಿದ್ದೆ ಹೋಗುತ್ತದೆ. ಹೈಡ್ರೋಕ್ಲೋರೋಥಯಾಜೈಡ್ ಥರದ ಮಾತ್ರೆಗಳ ಕೆಲಸ ನಿಧಾನ, ಅಷ್ಟು ಜೋರೂ ಇಲ್ಲ. ಅದನ್ನು ಒಂದು ದಿನ ಬಿಟ್ಟರೆ ನಿಮಗೆ ದೊಡ್ಡ ಲಾಭವೇನೂ ಇಲ್ಲ. ಎಂಟು ದಿನ ಬಿಟ್ಟರೆ ಬಿ.ಪಿ. ಏರುತ್ತದೆ. ಆದರೆ ದಾರಿಯಲ್ಲಿ ವಾಂತಿ ಭೇದಿ ಶುರುವಾದರೆ ಮಾತ್ರ ಕಥೆ ಬೇರೆ. ಆಗ ನೀರಿನ ಮಾತ್ರೆಯನ್ನು, ಬಿ.ಪಿ. ಮತ್ತು ಸಕ್ಕರೆ ಕಾಯಿಲೆಯ ಕೆಲವು ಮಾತ್ರೆಗಳನ್ನು ತಾತ್ಕಾಲಿಕವಾಗಿ ನಿಲ್ಲಿಸಬೇಕಾಗಬಹುದು. ಯಾವುದನ್ನು ನಿಲ್ಲಿಸಬೇಕು ಎಂದು ಹೊರಡುವ ಮುಂಚೆಯೇ ಕೇಳಿ, ಚೀಟಿಯಲ್ಲಿ ಬರೆಸಿಕೊಂಡು ಹೋಗಿ.

ಇದೆಲ್ಲ ಪ್ರಯಾಣದ ದಿನದ ಮಾತು. ನಿಜವಾದ ಕೆಲಸ ಅದಕ್ಕಿಂತ ಮೊದಲು ಆಗಬೇಕು. ನಿಮ್ಮದು ವಯಸ್ಸಿನ ಸಹಜ ಧರ್ಮ ಎಂದು ಯಾರೋ ಹೇಳಿರುತ್ತಾರೆ. ಅಲ್ಲ. ಇದಕ್ಕೆ ಚಿಕಿತ್ಸೆ ಇದೆ, ತುಂಬಾ ಜನರಿಗೆ ಗುಣ ಕಾಣುತ್ತದೆ. ಮೂರು ದಿನ ಒಂದು ಹಾಳೆಯಲ್ಲಿ ಬರೆದಿಡಿ: ಎಷ್ಟು ಹೊತ್ತಿಗೆ ಏನು ಕುಡಿದಿರಿ, ಎಷ್ಟು ಹೊತ್ತಿಗೆ ಹೋದಿರಿ, ಸೋರಿತಾ ಇಲ್ಲವಾ. ಬರೆದು ನೋಡಿದಾಗ ತುಂಬಾ ಜನರಿಗೆ ಗೊತ್ತಾಗುವ ವಿಷಯ ಒಂದಿದೆ. ಅವರು ಬಂದಾಗ ಹೋಗುತ್ತಿಲ್ಲ, "ಯಾವುದಕ್ಕೂ ಇರಲಿ" ಅಂತ ಹೋಗುತ್ತಿದ್ದಾರೆ. ಮನೆ ಬಿಡುವ ಮುಂಚೆ, ಮನೆಗೆ ಬಂದ ತಕ್ಷಣ, ಊಟಕ್ಕೆ ಮುಂಚೆ, ಆಮೇಲೆ. ದಿನವೂ ಹೀಗೆ ಮಾಡಿದರೆ ಮೂತ್ರಕೋಶ ಸ್ವಲ್ಪಕ್ಕೇ ಕೂಗುವ ಅಭ್ಯಾಸ ಕಲಿಯುತ್ತದೆ. ಅದನ್ನು ಮರೆಸಬೇಕು. ಅವಸರ ಬಂದಾಗ ಓಡಬೇಡಿ. ನಿಂತಲ್ಲೇ ನಿಲ್ಲಿ ಅಥವಾ ಕೂರಿ, ಮೂತ್ರ ತಡೆಯುವ ಕೆಳಗಿನ ಸ್ನಾಯುಗಳನ್ನು ಬಿಗಿ ಹಿಡಿಯಿರಿ, ಅಲೆ ಇಳಿಯುವವರೆಗೆ ಕಾಯಿರಿ, ಆಮೇಲೆ ನಡೆದು ಹೋಗಿ. ಒಂದು ಸಲ ಹೋಗುವುದಕ್ಕೂ ಮುಂದಿನ ಸಲಕ್ಕೂ ನಡುವಿನ ಅಂತರವನ್ನು ವಾರ ವಾರ ಹದಿನೈದು ನಿಮಿಷದಷ್ಟು ಹೆಚ್ಚಿಸುತ್ತಾ ಹೋಗಿ. ಕನಿಷ್ಠ ಆರು ವಾರ ಬೇಕು.

ಆ ಕೆಳಗಿನ ಸ್ನಾಯುಗಳಿಗೆ ಕೆಗೆಲ್ ವ್ಯಾಯಾಮ ಇದೆ. ಆರ್ನಾಲ್ಡ್ ಕೆಗೆಲ್ ಎಂಬ ವೈದ್ಯರು 1948ರಲ್ಲಿ ಇದರ ಬಗ್ಗೆ ಬರೆದರು. ಒಂದು ಸಲಕ್ಕೆ ಎಂಟು ಬಿಗಿತ, ದಿನಕ್ಕೆ ಮೂರು ಸಲ, ಮೂರು ತಿಂಗಳು. ಹತ್ತು ದಿನ ಮಾಡಿ "ಏನೂ ಉಪಯೋಗ ಇಲ್ಲ" ಅಂತ ಬಂದು ಹೇಳಬೇಡಿ. ಮೂತ್ರ ಮಾಡುವಾಗಲೇ ತಡೆದು ಅಭ್ಯಾಸ ಮಾಡುವುದೂ ಬೇಡ. ಒಬ್ಬ ಫಿಸಿಯೋಥೆರಪಿಸ್ಟ್ ಹತ್ತಿರ ಸರಿಯಾಗಿ ಕಲಿತುಕೊಳ್ಳಿ, ಯಾಕೆಂದರೆ ಅರ್ಧ ಜನ ಹೊಟ್ಟೆಯನ್ನೇ ಬಿಗಿ ಹಿಡಿದು ಅದೇ ವ್ಯಾಯಾಮ ಅಂದುಕೊಂಡಿರುತ್ತಾರೆ.

ಎಷ್ಟು ಕುಡಿಯಬೇಕು? ಯುರೋಪಿನ ಪೋಷಣೆ ತಜ್ಞರ ಸಂಘದ ಮಾರ್ಗಸೂಚಿ ವಯಸ್ಸಾದ ಹೆಂಗಸರಿಗೆ ದಿನಕ್ಕೆ ಕನಿಷ್ಠ 1.6 ಲೀಟರ್, ಗಂಡಸರಿಗೆ 2 ಲೀಟರ್ ಪಾನೀಯ ಎನ್ನುತ್ತದೆ. ಒಂದೇ ಸಲ ಲೀಟರ್‌ಗಟ್ಟಲೆ ಸುರಿದುಕೊಳ್ಳಬೇಡಿ, ದಿನವಿಡೀ ಹಂಚಿ ಕುಡಿಯಿರಿ, ಮಲಗುವ ಎರಡು ಗಂಟೆ ಮುಂಚೆ ಕಡಿಮೆ ಮಾಡಿ. ಪ್ರಯಾಣದ ಬೆಳಿಗ್ಗೆ ಕಾಫಿ, ಟೀ ಮಾತ್ರ ಬಿಡಿ, ಅವಸರ ತರುವುದು ಅವೇ. ಹೃದಯ ವೈಫಲ್ಯ, ಕಿಡ್ನಿ ಕಾಯಿಲೆ ಇದ್ದವರು ನನ್ನ ಲೆಕ್ಕ ಬಿಟ್ಟು ನಿಮ್ಮ ಡಾಕ್ಟರ್ ಕೊಟ್ಟ ಲೆಕ್ಕ ಹಿಡಿಯಿರಿ.

ಇಷ್ಟೆಲ್ಲ ಮಾಡಿದ ಮೇಲೂ ಭಯ ಇದ್ದರೆ ಪ್ಯಾಡ್ ಹಾಕಿಕೊಂಡು ಹೋಗಿ. ಕನ್ನಡಕ ಹಾಕಿಕೊಳ್ಳಲು ನಾಚಿಕೆ ಪಡುತ್ತೀರಾ? ಒಂದು ಜೊತೆ ಬಟ್ಟೆ ಕೈಚೀಲದಲ್ಲೇ ಇರಲಿ, ದೊಡ್ಡ ಪೆಟ್ಟಿಗೆಯಲ್ಲಿ ಬೇಡ. ಮತ್ತೆ ಜೊತೆಗೆ ಬರುವ ಒಬ್ಬ ಗೆಳತಿಗಾದರೂ ಹೇಳಿಡಿ. ಹೇಳಿದ ತಕ್ಷಣ "ನನಗೂ ಹಾಗೇ ಕಣೇ" ಅನ್ನುವ ಉತ್ತರ ಬಂದದ್ದನ್ನು ಎಷ್ಟೋ ಜನ ನನಗೆ ಹೇಳಿದ್ದಾರೆ.

ಗಂಡಸರಿಗೆ ಒಂದು ಎಚ್ಚರಿಕೆ ಇಲ್ಲೇ ಹೇಳಿಬಿಡುತ್ತೇನೆ. ಮೂತ್ರಕೋಶದ ಕೆಳಗಿರುವ ಪ್ರಾಸ್ಟೇಟ್ ಗ್ರಂಥಿ ದೊಡ್ಡದಾಗಿದ್ದರೆ, ದಾರಿಯಲ್ಲಿ ನೆಗಡಿಗೋ ವಾಂತಿ ಬರದಿರಲೆಂದೋ ಸಿಕ್ಕ ಮಾತ್ರೆ ನುಂಗಬೇಡಿ. ಅವುಗಳಲ್ಲಿ ಕೆಲವು ಮೂತ್ರವನ್ನು ಪೂರ್ತಿ ಕಟ್ಟಿಹಾಕುತ್ತವೆ. ಪರಿಚಯವಿಲ್ಲದ ಊರಿನಲ್ಲಿ, ನಡುರಾತ್ರಿ, ಹೊಟ್ಟೆ ಉಬ್ಬಿ ಒಂದು ಹನಿಯೂ ಬಾರದೆ ಒದ್ದಾಡುವ ನೋವು ಯಾರಿಗೂ ಬೇಡ.

ಮೂತ್ರಕೋಶ ಗಟ್ಟಿ ಮಾಡುವ ಪುಡಿ, ಏಳೇ ದಿನದಲ್ಲಿ ಗುಣ, ಗಿಡಮೂಲಿಕೆ ಆದ್ದರಿಂದ ಅಡ್ಡ ಪರಿಣಾಮ ಇಲ್ಲ ಎಂದು ಫೋನಿಗೆ ಬರುವ ಜಾಹೀರಾತನ್ನು ನಂಬಿ ದುಡ್ಡು ಕಳಿಸುವವರ ಮೇಲೆ ನನಗೆ ಕೋಪ ಬರುವುದಿಲ್ಲ, ಮಾರುವವರ ಮೇಲೆ ಬರುತ್ತದೆ. ಒಳಗೆ ಏನಿದೆ ಎಂದು ಬರೆಯದ ಇಂಥ ಎಷ್ಟೋ ಪುಡಿಗಳಲ್ಲಿ ಸ್ಟೀರಾಯ್ಡ್, ನೋವಿನ ಮಾತ್ರೆ ಬೆರೆಸಿದ್ದು ಪರೀಕ್ಷೆಗಳಲ್ಲಿ ಸಿಕ್ಕಿದೆ. ಆ ನೋವಿನ ಮಾತ್ರೆ ಕಿಡ್ನಿಯನ್ನು ತಿನ್ನುತ್ತದೆ. ಮೂತ್ರದಲ್ಲಿ ರಕ್ತ, ಉರಿ, ಜ್ವರ, ಇದ್ದಕ್ಕಿದ್ದಂತೆ ಶುರುವಾದ ತೊಂದರೆ, ಇವು ಕಂಡರೆ ಪುಡಿಯೂ ಬೇಡ, ವ್ಯಾಯಾಮವೂ ಬೇಡ, ಮೊದಲು ಡಾಕ್ಟರ್.

ಪ್ರಶ್ನೆ: ಗೆಳೆಯರ ಜೊತೆ ಹೋಟೆಲ್‌ಗೆ ಹೋದರೆ ಮಾತು ಕೇಳಿಸುತ್ತದೆ, ಅರ್ಥ ಆಗುವುದಿಲ್ಲ. ಈಗ ಹೋಗುವುದನ್ನೇ ಬಿಟ್ಟಿದ್ದೇನೆ. ನೆನಪಿನ ಶಕ್ತಿ ಹೋಗುತ್ತಿದೆಯಾ? (71)

ಕಿವಿ ಹೋಗುತ್ತಿದೆ. ವಯಸ್ಸಾದಂತೆ ಮೊದಲು ಕಳೆದುಹೋಗುವುದು ತೆಳು ದನಿಗಳು. ಸ, ಶ, ಫ, ತ ಥರದ ಅಕ್ಷರಗಳು ಜಾರಿಹೋಗುತ್ತವೆ, ಸ್ವರ ಮಾತ್ರ ಉಳಿಯುತ್ತದೆ. ಸುತ್ತ ಗದ್ದಲ ಇದ್ದರೆ ಅದೂ ಮುಳುಗುತ್ತದೆ. ಕಿವಿ ಪರೀಕ್ಷೆ ಮಾಡಿಸಿ, ಬೇಕಾದರೆ ಯಂತ್ರ ಹಾಕಿಸಿಕೊಳ್ಳಿ, ಹಾಕಿಸಿಕೊಂಡ ಮೇಲೆ ಡ್ರಾಯರಿನಲ್ಲಿ ಇಡಬೇಡಿ. ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯ ತಜ್ಞರ ಆಯೋಗ 2024ರಲ್ಲಿ ಪಟ್ಟಿ ಮಾಡಿದ, ಮರೆವಿನ ಕಾಯಿಲೆಗೆ ದಾರಿಯಾಗುವ, ಆದರೆ ಸರಿಪಡಿಸಬಹುದಾದ 14 ಕಾರಣಗಳಲ್ಲಿ ಕಿವುಡುತನವೂ ಇದೆ, ಒಂಟಿತನವೂ ಇದೆ. ನೀವು ಮನೆಯಲ್ಲಿ ಕೂತು ಎರಡನ್ನೂ ಸಾಕುತ್ತಿದ್ದೀರಿ. ಜನ ಸೇರುವ ಮುಂಚೆ ಹೋಗಿ, ಮೂಲೆಯ ಮೇಜು ಹಿಡಿಯಿರಿ, ಗೋಡೆಗೆ ಬೆನ್ನು ಮಾಡಿ ಕೂರಿ, ಮಾತಾಡುವವರ ಮುಖ ಬೆಳಕಿನಲ್ಲಿರಲಿ.

ಪ್ರಶ್ನೆ: ಹೊರಗೆ ಊಟ ಮಾಡಿ ಎದ್ದಾಗ ಕಣ್ಣು ಕತ್ತಲೆ ಬರುತ್ತದೆ. ಗ್ಯಾಸ್ ಇರಬಹುದಾ? (74)

ಅಲ್ಲ. ಭಾರಿ ಊಟದ ನಂತರ ರಕ್ತ ಹೊಟ್ಟೆಯ ಕಡೆ ಹರಿಯುತ್ತದೆ, ವಯಸ್ಸಾದವರಲ್ಲಿ ಎರಡು ಗಂಟೆಯೊಳಗೆ ಬಿ.ಪಿ. 20 ಅಂಕಕ್ಕಿಂತ ಜಾಸ್ತಿ ಇಳಿಯಬಹುದು. ಕಡಿಮೆ ತಿನ್ನಿ, ಊಟಕ್ಕೆ ಮುಂಚೆ ಒಂದು ದೊಡ್ಡ ಲೋಟ ನೀರು ಕುಡಿಯಿರಿ, ಮದ್ಯ ಬೇಡ, ತಕ್ಷಣ ಏಳಬೇಡಿ. ಊಟಕ್ಕೆ ಮುಂಚೆ ಒಮ್ಮೆ, ಒಂದು ಗಂಟೆಯ ನಂತರ ಒಮ್ಮೆ ಬಿ.ಪಿ. ನೋಡಿ ಬರೆದುಕೊಂಡು ಡಾಕ್ಟರಿಗೆ ತೋರಿಸಿ.

ಪ್ರಶ್ನೆ: ಜಾಸ್ತಿ ಓದಿದರೆ ಕಣ್ಣು ಸವೆಯುತ್ತದಾ? ಪೊರೆ ಕರಗಿಸುವ ಡ್ರಾಪ್ಸ್ ಸಿಗುತ್ತದಂತೆ?

ಸವೆಯುವುದಿಲ್ಲ. ಕರಗಿಸುವ ಡ್ರಾಪ್ಸ್ ಇಲ್ಲ, ಇದೆ ಅನ್ನುವವನು ಸುಳ್ಳು ಹೇಳುತ್ತಿದ್ದಾನೆ. ದೀಪ ಹೆಚ್ಚು ಮಾಡಿ, ಪೊರೆಗೆ ಆಪರೇಷನ್ ಮಾಡಿಸಿ.

ಪ್ರಶ್ನೆ: ನೆನಪಿನ ಶಕ್ತಿಗೆ ಒಳ್ಳೆಯ ಟಾನಿಕ್ ಹೇಳಿ.

ಇಲ್ಲ.

ಪ್ರಶ್ನೆ: 70 ದಾಟಿದವರು ವಿಮಾನ ಹತ್ತಬಾರದು ಎಂದು ಮಗ ಹೇಳುತ್ತಾನೆ. ಹೌದಾ?

ವಯಸ್ಸಿನ ಲೆಕ್ಕ ಇಲ್ಲ. 50 ಮೀಟರ್ ನಡೆದು ಒಂದು ಮಹಡಿ ಹತ್ತಿದಾಗ ಏದುಸಿರು, ಎದೆನೋವು ಬರದಿದ್ದರೆ ಸಾಮಾನ್ಯವಾಗಿ ತೊಂದರೆ ಇಲ್ಲ. ಇತ್ತೀಚೆಗೆ ಹೃದಯಾಘಾತ, ಪಾರ್ಶ್ವವಾಯು, ದೊಡ್ಡ ಆಪರೇಷನ್ ಆಗಿದ್ದರೆ ಮಾತ್ರ ಡಾಕ್ಟರ್ ಒಪ್ಪಿಗೆ ಬೇಕು. ಇನ್ಸುಲಿನ್, ಮಾತ್ರೆಗಳು ಕೈಚೀಲದಲ್ಲಿರಲಿ. ಮಗನ ಜೊತೆಯಲ್ಲೇ ಒಂದು ಮಹಡಿ ಹತ್ತಿ ತೋರಿಸಿ.