ಅಪ್‌ಡೇಟ್ ಆದ ಮೇಲೆ ಸ್ಲೋ ಆಯ್ತಾ? ಮೊದಲು ಹಾರ್ಡ್ ಡಿಸ್ಕ್ ನೋಡಿ

ಪ್ರತಿ ತಿಂಗಳ ಎರಡನೇ ಮಂಗಳವಾರ ವಿಂಡೋಸ್‌ಗೆ ಅಪ್‌ಡೇಟ್ ಬರುತ್ತದೆ. ಅಮೆರಿಕದಲ್ಲಿ ಬೆಳಗ್ಗೆ ಬಿಡುತ್ತಾರೆ, ನಮ್ಮಲ್ಲಿ ಆಗ ರಾತ್ರಿ. ಹಾಗಾಗಿ ಬುಧವಾರ, ಗುರುವಾರ ಬಂತೆಂದರೆ ನನಗೆ ಫೋನ್ ಕೆಳಗಿಡಲು ಪುರುಸೊತ್ತಿರುವುದಿಲ್ಲ. ಎಲ್ಲರದ್ದೂ ಒಂದೇ ಮಾತು: "ನಿನ್ನೆವರೆಗೆ ಚೆನ್ನಾಗಿತ್ತು ಸರ್, ಅಪ್‌ಡೇಟ್ ಆಯ್ತು, ಈಗ ಸಿಸ್ಟಮ್ ಏಳ್ತಾನೇ ಇಲ್ಲ."

ಈ ಅಂಕಣಕ್ಕೆ ಬಂದ ಪ್ರಶ್ನೆಗಳಲ್ಲೂ ಅರ್ಧಕ್ಕಿಂತ ಜಾಸ್ತಿ ಇದೇ. ಕೇಳುವವರ ಮೇಲೆ ನನಗೆ ಸಿಟ್ಟಿಲ್ಲ. ಅವರಿಗೆ ಸಿಗುತ್ತಿರುವ ಸಲಹೆ ಕೇಳಿದರೆ ಮೈ ಉರಿಯುತ್ತದೆ. "ಅಪ್‌ಡೇಟ್ ಆಫ್ ಮಾಡಿಬಿಡಿ" ಅನ್ನುವವರು ಬೀದಿಗೆ ಹತ್ತು ಜನ ಇದ್ದಾರೆ. ಅದಕ್ಕೇ ಇವತ್ತು ಒಂದೇ ಪ್ರಶ್ನೆಗೆ ಉದ್ದ ಉತ್ತರ, ಉಳಿದವಕ್ಕೆ ಕೊನೆಯಲ್ಲಿ ಚುಟುಕಾಗಿ. ಟಾಸ್ಕ್ ಮ್ಯಾನೇಜರ್ ತೆಗೆಯುವುದು ಹೇಗೆ ಅಂತೆಲ್ಲ ಬರೆಯುವುದಿಲ್ಲ. ಮನೆಯಲ್ಲಿ ಹೈಸ್ಕೂಲಿಗೆ ಹೋಗುವ ಮಕ್ಕಳಿದ್ದರೆ ಕೇಳಿ, ತೋರಿಸುತ್ತಾರೆ.

ಪ್ರಶ್ನೆ: ನನ್ನದು 2019ರಲ್ಲಿ ತಗೊಂಡ ಲ್ಯಾಪ್‌ಟಾಪ್. 4 ಜಿಬಿ ರ‍್ಯಾಮ್, 1 ಟಿಬಿ ಹಾರ್ಡ್ ಡಿಸ್ಕ್. ಹೋದ ವಾರ ಅಪ್‌ಡೇಟ್ ಆದಾಗಿಂದ ಆನ್ ಆಗಲು ಹತ್ತು ನಿಮಿಷ ಬೇಕು. ಹೊಸದು ಕೊಳ್ಳಲಿ ಅಂತ ಕಂಪನಿಯವರೇ ಹೀಗೆ ಮಾಡುತ್ತಾರಂತೆ, ನಿಜವಾ? ಅಪ್‌ಡೇಟ್ ಪೂರ್ತಿ ಬಂದ್ ಮಾಡುವುದು ಹೇಗೆ? (ಹಾವೇರಿಯಿಂದ)

ಬಂದ್ ಮಾಡುವುದು ಹೇಗೆ ಅಂತ ನಾನು ಹೇಳಿಕೊಡುವುದಿಲ್ಲ. ಯಾಕೆ ಅನ್ನುವುದನ್ನು ಆಮೇಲೆ ಹೇಳುತ್ತೇನೆ. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಏನಾಗುತ್ತಿದೆ ಅನ್ನುವುದು ಮೊದಲು ತಿಳಿಯಲಿ.

"ಅಪ್‌ಡೇಟ್ ಮುಗಿಯಿತು" ಅಂತ ಪರದೆ ಮೇಲೆ ಬಂದರೂ ಒಳಗೆ ಕೆಲಸ ಮುಗಿದಿರುವುದಿಲ್ಲ. ವಿಂಡೋಸ್ ಮಾಡ್ಯೂಲ್ಸ್ ಇನ್‌ಸ್ಟಾಲರ್ ಅನ್ನುವುದು ಹಳೆಯ ಫೈಲುಗಳನ್ನು ಜೋಡಿಸಿ ಇಡುತ್ತಿರುತ್ತದೆ. ಸರ್ಚ್ ಇಂಡೆಕ್ಸರ್ ಫೈಲುಗಳ ಪಟ್ಟಿಯನ್ನು ಸರಿಮಾಡಿಕೊಳ್ಳುತ್ತಿರುತ್ತದೆ. ವಿಂಡೋಸಿನದೇ ಆಂಟಿವೈರಸ್ ಆದ ಡಿಫೆಂಡರ್ ಹೊಸದಾಗಿ ಬಂದ ಫೈಲುಗಳನ್ನು ತಪಾಸಣೆ ಮಾಡುತ್ತಿರುತ್ತದೆ. ಇವೆಲ್ಲ ಒಟ್ಟಿಗೇ ಹಾರ್ಡ್ ಡಿಸ್ಕಿಗೆ ಮುಗಿಬೀಳುತ್ತವೆ.

ಲ್ಯಾಪ್‌ಟಾಪಿನ ಹಾರ್ಡ್ ಡಿಸ್ಕ್ ಒಳಗೆ ಒಂದು ತಟ್ಟೆ ಇರುತ್ತದೆ. ನಿಮಿಷಕ್ಕೆ 5400 ಸುತ್ತು ತಿರುಗುತ್ತದೆ. ಅದರ ಮೇಲೆ ಗ್ರಾಮಫೋನ್ ಮುಳ್ಳಿನ ಹಾಗೆ ಒಂದು ಕೈ ಆಚೀಚೆ ಓಡಾಡುತ್ತದೆ. ಒಂದು ದೊಡ್ಡ ಸಿನಿಮಾ ಫೈಲನ್ನು ಸಾಲಾಗಿ ಓದು ಅಂದರೆ ಸೆಕೆಂಡಿಗೆ ನೂರು ಎಂಬಿವರೆಗೆ ಓದುತ್ತದೆ. ಆದರೆ ಇಲ್ಲೊಂದು ಚೂರು, ಅಲ್ಲೊಂದು ಚೂರು ತಾ ಅಂದರೆ ಆ ಕೈ ಸೆಕೆಂಡಿಗೆ ಹೆಚ್ಚೆಂದರೆ ನೂರು ಜಾಗಕ್ಕೆ ಹೋಗಿ ಬರಬಲ್ಲದು. ಅಪ್‌ಡೇಟ್ ಕೇಳುವುದು ಇಂಥ ಸಾವಿರಾರು ಚೂರುಗಳನ್ನೇ. ಹಾರ್ಡ್ ಡಿಸ್ಕಿನ ಬದಲು ಹಾಕುವ, ಬರೀ ಚಿಪ್‌ಗಳಿರುವ ಎಸ್‌ಎಸ್‌ಡಿಯಲ್ಲಿ ತಟ್ಟೆಯೂ ಇಲ್ಲ, ಕೈಯೂ ಇಲ್ಲ. ಅದು ಒಂದೇ ಸೆಕೆಂಡಿನಲ್ಲಿ ಸಾವಿರಾರು ಜಾಗ ಮುಟ್ಟಿ ಬರುತ್ತದೆ. ಅದೇ ಅಪ್‌ಡೇಟ್ ಪಕ್ಕದ ಮನೆಯವರಿಗೆ ಗೊತ್ತೇ ಆಗದೆ ಮುಗಿದು, ನಿಮಗೆ ಹತ್ತು ನಿಮಿಷ ಕಾಯಿಸುವುದಕ್ಕೆ ಇದೇ ಕಾರಣ.

ಸಾಲದ್ದಕ್ಕೆ ನಿಮ್ಮದು 4 ಜಿಬಿ ರ‍್ಯಾಮ್. ಬ್ರೌಸರ್‌ನಲ್ಲಿ ನಾಲ್ಕು ಟ್ಯಾಬ್ ತೆಗೆದರೆ, ತೆರೆದ ಕೆಲಸಗಳನ್ನು ಇಟ್ಟುಕೊಳ್ಳುವ ಆ ಜಾಗ ತುಂಬಿತು. ತುಂಬಿದ ಮೇಲೆ ವಿಂಡೋಸ್ ಉಳಿದದ್ದನ್ನು ಅದೇ ಹಾರ್ಡ್ ಡಿಸ್ಕಿಗೆ ಬರೆಯುತ್ತದೆ. ಮೊದಲೇ ಏದುಸಿರು ಬಿಡುತ್ತಿರುವವನ ತಲೆ ಮೇಲೆ ಇನ್ನೊಂದು ಮೂಟೆ.

ಹಾಗಾಗಿ ಮೊದಲು ಎರಡು ದಿನ ಕಾಯಿರಿ. ರಾತ್ರಿ ಚಾರ್ಜರ್ ಹಾಕಿ, ಸ್ಲೀಪ್‌ಗೆ ಹೋಗದ ಹಾಗೆ ಸೆಟ್ ಮಾಡಿ, ಏನೂ ತೆರೆಯದೆ ಬಿಟ್ಟು ಮಲಗಿ. ಬೆಳಗ್ಗೆ ರೀಸ್ಟಾರ್ಟ್ ಕೊಡಿ. ಶಟ್‌ಡೌನ್ ಮಾಡಿ ಆನ್ ಮಾಡುವುದು ಬೇಡ. ಫಾಸ್ಟ್ ಸ್ಟಾರ್ಟಪ್ ಆನ್ ಇದ್ದರೆ ಶಟ್‌ಡೌನ್‌ನಲ್ಲಿ ವಿಂಡೋಸ್ ಪೂರ್ತಿ ಮುಚ್ಚುವುದಿಲ್ಲ, ರೀಸ್ಟಾರ್ಟ್‌ನಲ್ಲಿ ಮಾತ್ರ ಮುಚ್ಚಿ ಹೊಸದಾಗಿ ಏಳುತ್ತದೆ. ಬಹಳ ಜನರ ತೊಂದರೆ ಇಷ್ಟಕ್ಕೇ ಮುಗಿಯುತ್ತದೆ.

ಮುಗಿಯಲಿಲ್ಲವಾ? ಟಾಸ್ಕ್ ಮ್ಯಾನೇಜರ್‌ನಲ್ಲಿ ಪರ್ಫಾರ್ಮೆನ್ಸ್ ಒಳಗೆ ಡಿಸ್ಕ್ ಒತ್ತಿ ನೋಡಿ. 100% ಅಂತ ತೋರಿಸುತ್ತಾ, ಓದುವ ಬರೆಯುವ ವೇಗ ಮಾತ್ರ ಸೆಕೆಂಡಿಗೆ ಒಂದೆರಡು ಎಂಬಿ ಇದೆಯಾ? ಅಲ್ಲೇ ಆವರೇಜ್ ರೆಸ್ಪಾನ್ಸ್ ಟೈಮ್, ಅಂದರೆ ಡಿಸ್ಕ್ ಉತ್ತರ ಕೊಡಲು ಹಿಡಿಯುವ ಸಮಯ, ಇರುತ್ತದೆ. ನೀವು ಏನೂ ತೆರೆಯದೆ ಸುಮ್ನೆ ಕೂತಿದ್ದಾಗಲೂ ಅದು ಐನೂರು, ಸಾವಿರ ಮಿಲಿಸೆಕೆಂಡ್‌ನಲ್ಲೇ ನಿಂತಿದ್ದರೆ ನನಗೆ ಭಯವಾಗುತ್ತದೆ. ನಿಮಗೂ ಆಗಬೇಕು. ಡಿಸ್ಕಿಗೆ ಕಾಯಿಲೆ ಬಂದಿರಬಹುದು.

ಪ್ರತಿ ಡಿಸ್ಕೂ ತನ್ನ ಆರೋಗ್ಯದ ಲೆಕ್ಕವನ್ನು ತಾನೇ ಇಟ್ಟುಕೊಳ್ಳುತ್ತದೆ. ಅದನ್ನು ಓದಲು ಕ್ರಿಸ್ಟಲ್ ಡಿಸ್ಕ್ ಇನ್ಫೋ ಅನ್ನುವ ಉಚಿತ ಸಾಫ್ಟ್‌ವೇರ್ ಇದೆ. ನೀಲಿ ಬಣ್ಣದಲ್ಲಿ ಗುಡ್ ಅಂತ ಬಂದರೆ ಸದ್ಯಕ್ಕೆ ಪರವಾಗಿಲ್ಲ. ಹಳದಿಯಲ್ಲಿ ಕಾಷನ್ ಅಥವಾ ಕೆಂಪಿನಲ್ಲಿ ಬ್ಯಾಡ್ ಅಂತ ಬಂದರೆ ಮಿಕ್ಕ ಕೆಲಸ ಎಲ್ಲ ಬಿಡಿ. ಫೋಟೊ, ದಾಖಲೆ, ಮಕ್ಕಳ ಪ್ರಾಜೆಕ್ಟ್, ಎಲ್ಲವನ್ನೂ ಬೇರೆ ಡಿಸ್ಕಿಗೆ ನಕಲು ಮಾಡಿ. ಡಿಸ್ಕಿನ ತಪ್ಪು ಹುಡುಕುವ ಚೆಕ್‌ಡಿಸ್ಕ್ ಹಾಕಬೇಡಿ, ಚೂರುಗಳನ್ನು ಒಟ್ಟು ಜೋಡಿಸುವ ಡಿಫ್ರಾಗ್ ಹಾಕಬೇಡಿ. ಸಾಯುತ್ತಿರುವ ಡಿಸ್ಕನ್ನು ತುದಿಯಿಂದ ತುದಿಗೆ ಓಡಿಸಿದರೆ ಅದು ನಡುದಾರಿಯಲ್ಲೇ ನಿಲ್ಲಬಹುದು.

ಇಷ್ಟು ಹೆದರಿಸುವುದಕ್ಕೆ ಕಾರಣ ಇದೆ. ಒಂದು ಮಳೆಗಾಲದಲ್ಲಿ ನಿವೃತ್ತ ಟೀಚರ್ ಒಬ್ಬರು ಲ್ಯಾಪ್‌ಟಾಪ್ ತಂದರು. ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ಬಟ್ಟೆ ಚೀಲದಲ್ಲಿ ಇಟ್ಟು, ಎದೆಗೆ ಅವುಚಿಕೊಂಡು ಬಂದಿದ್ದರು. "ನಾಲ್ಕು ತಿಂಗಳ ಹಿಂದೆ ಅಪ್‌ಡೇಟ್ ಆದಾಗಿಂದ ಸ್ಲೋ ಆಗಿತ್ತಪ್ಪ. ಪರಿಚಯದ ಹುಡುಗ ಅಪ್‌ಡೇಟ್ ನಿಲ್ಲಿಸಿ, ಅದೇನೋ ಸ್ಪೀಡ್ ಮಾಡೋ ಸಾಫ್ಟ್‌ವೇರ್ ಹಾಕಿಕೊಟ್ಟ. ಎರಡು ದಿನ ಸರಿ ಇತ್ತು" ಅಂದರು. ನಾನು ಆನ್ ಮಾಡಿ ಕಿವಿ ಹತ್ತಿರ ಹಿಡಿದೆ. ಅಂಗೈ ಊರುವ ಜಾಗದ ಕೆಳಗಿಂದ ಟಿಕ್, ಟಿಕ್, ಟಿಕ್. ಆಮೇಲೆ ಒಂದು ಸಣ್ಣ ಕಿರ್ ಶಬ್ದ. ಮತ್ತೆ ಟಿಕ್. ಕೂಡಲೇ ಪವರ್ ಬಟನ್ ಒತ್ತಿ ಹಿಡಿದು ಆಫ್ ಮಾಡಿದೆ.

ಡಿಸ್ಕ್ ಬಿಚ್ಚಿ ಬೇರೆ ಮೆಷಿನಿಗೆ ಹಾಕಿ, ಮೂರು ದಿನ ಸ್ವಲ್ಪ ಸ್ವಲ್ಪವೇ ನಕಲು ಮಾಡಿದೆ. ಅರ್ಧದಷ್ಟು ಫೋಟೊ ಬಂತು. ಅವರ ಯಜಮಾನರ ಕೊನೆಯ ವರ್ಷದ ಫೋಟೊ ಇದ್ದ ಫೋಲ್ಡರ್ ತೆರೆಯಲೇ ಇಲ್ಲ. ಅವರು ಒಂದು ಮಾತು ಬೈಯಲಿಲ್ಲ. "ಹೋಗ್ಲಿ ಬಿಡಪ್ಪ, ನೀನಾದರೂ ಏನು ಮಾಡ್ತಿ" ಅಂದು ಚೀಲ ಮಡಚಿಕೊಂಡು ಹೋದರು. ನಾಲ್ಕು ತಿಂಗಳ ಹಿಂದೆ ಯಾರಾದರೂ ಐದು ನಿಮಿಷ ಕೂತು ಡಿಸ್ಕ್ ನೋಡಿದ್ದರೆ ಆ ಫೋಲ್ಡರ್ ಉಳಿಯುತ್ತಿತ್ತೋ ಏನೋ. ಅವತ್ತಿನಿಂದ ಸ್ಲೋ ಅಂತ ಯಾರು ಬಂದರೂ ನಾನು ಮೊದಲು ನೋಡುವುದು ಡಿಸ್ಕನ್ನೇ.

ನಿಮ್ಮ ಡಿಸ್ಕ್ ಆರೋಗ್ಯವಾಗಿದ್ದರೂ ನನ್ನ ಸಲಹೆ ಒಂದೇ: ಎಸ್‌ಎಸ್‌ಡಿ ಹಾಕಿಸಿ, ರ‍್ಯಾಮ್ 8 ಜಿಬಿ ಮಾಡಿಸಿ. ಕೆಲವು ಮಾಡೆಲ್‌ಗಳಲ್ಲಿ ರ‍್ಯಾಮ್ ಬೋರ್ಡಿಗೇ ಬೆಸುಗೆ ಆಗಿರುತ್ತದೆ, ದುಡ್ಡು ಕೊಡುವ ಮೊದಲು ಖಾಲಿ ಸ್ಲಾಟ್ ಇದೆಯಾ ಅಂತ ಬಿಚ್ಚಿ ತೋರಿಸಲು ಹೇಳಿ. ಎರಡರಲ್ಲಿ ಒಂದಕ್ಕೇ ದುಡ್ಡಿದ್ದರೆ ಎಸ್‌ಎಸ್‌ಡಿ ಮೊದಲು. ನಿಮ್ಮ ಲ್ಯಾಪ್‌ಟಾಪ್ ಇನ್ನೂ ಮೂರ್ನಾಲ್ಕು ವರ್ಷ ಬಾಳಬಹುದು.

ಈಗ ನಿಮ್ಮ ಅನುಮಾನದ ವಿಷಯ. ಅದಕ್ಕೆ ಬುಡವೇ ಇಲ್ಲ ಅಂತ ನಾನು ಹೇಳುವುದಿಲ್ಲ. ಹಳೆಯ ಬ್ಯಾಟರಿ ಇರುವ ಐಫೋನ್‌ಗಳ ವೇಗವನ್ನು ಅಪ್‌ಡೇಟ್ ಮೂಲಕ ತಗ್ಗಿಸಿದ್ದನ್ನು ಆಪಲ್ 2017ರ ಡಿಸೆಂಬರ್‌ನಲ್ಲಿ ಒಪ್ಪಿಕೊಂಡಿತು. ಫೋನ್ ತಟ್ಟನೆ ಆಫ್ ಆಗದಿರಲಿ ಅಂತ ಮಾಡಿದ್ದು ಅಂದರು, ಆದರೆ ಜನರಿಗೆ ಮೊದಲೇ ಹೇಳಿರಲಿಲ್ಲ. 2018ರ ಜನವರಿಯಲ್ಲಿ ಮೆಲ್ಟ್‌ಡೌನ್, ಸ್ಪೆಕ್ಟರ್ ಅನ್ನುವ ಪ್ರೊಸೆಸರ್ ದೋಷಗಳಿಗೆ ಅಪ್‌ಡೇಟ್ ಬಂದಾಗ ಹಳೆಯ ಪ್ರೊಸೆಸರ್‌ಗಳು ನಿಧಾನ ಆಗುತ್ತವೆ ಅಂತ ಮೈಕ್ರೋಸಾಫ್ಟೇ ಹೇಳಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಬಂದ ವಿಂಡೋಸ್ 10ರ ದೊಡ್ಡ ಅಪ್‌ಡೇಟ್ ಕೆಲವರ ಡಾಕ್ಯುಮೆಂಟ್ಸ್ ಫೋಲ್ಡರನ್ನೇ ಅಳಿಸಿಹಾಕಿತು. ವಿತರಣೆ ನಿಲ್ಲಿಸಿ, ಸರಿಮಾಡಿ ಮತ್ತೆ ಬಿಟ್ಟರು.

ಇದನ್ನೆಲ್ಲ ಕಣ್ಣಾರೆ ನೋಡಿರುವುದರಿಂದ ನಾನೂ ಅಪ್‌ಡೇಟ್ ಬಂದ ದಿನವೇ ಹಾಕಿಕೊಳ್ಳುವುದಿಲ್ಲ. ಸೆಟ್ಟಿಂಗ್ಸ್‌ನಲ್ಲಿ ಪಾಸ್ (Pause) ಅಂತ ಇದೆ, ಐದು ವಾರದವರೆಗೆ ಮುಂದೂಡಬಹುದು. ನಾನು ಒಂದು ವಾರ ಮುಂದೂಡುತ್ತೇನೆ. ಏನಾದರೂ ಎಡವಟ್ಟಿದ್ದರೆ ಅಷ್ಟರಲ್ಲಿ ಸುದ್ದಿ ಬಂದಿರುತ್ತದೆ. ಒಂದು ವಾರ ತಡ ಮಾಡುವುದು ಬೇರೆ, ವರ್ಷಗಟ್ಟಲೆ ಬಾಗಿಲು ತೆರೆದಿಟ್ಟು ಮಲಗುವುದು ಬೇರೆ ಅಲ್ವಾ?

ಬಂದ್ ಮಾಡಬೇಡಿ ಅನ್ನುವುದಕ್ಕೆ ಕಾರಣ ವಾನ್ನಾಕ್ರೈ. ಕಂಪ್ಯೂಟರಿನ ಫೈಲುಗಳಿಗೆಲ್ಲ ಬೀಗ ಹಾಕಿ ದುಡ್ಡು ಕೇಳಿದ ಆ ವೈರಸ್ ಹಬ್ಬಿದ್ದು 2017ರ ಮೇ 12ರಂದು. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಆಪರೇಷನ್‌ಗಳು ರದ್ದಾದವು. ಅದು ನುಗ್ಗಿದ ಕಿಂಡಿಯನ್ನು ಮುಚ್ಚುವ ಅಪ್‌ಡೇಟ್ ಬಂದಿದ್ದು ಮಾರ್ಚ್ 14ರಂದು. ಎರಡು ತಿಂಗಳು ಟೈಮ್ ಇತ್ತು. ಸಿಕ್ಕಿಬಿದ್ದವರಲ್ಲಿ ಹೆಚ್ಚಿನವರು ಆ ಅಪ್‌ಡೇಟ್ ಹಾಕದೆ ಬಿಟ್ಟಿದ್ದ ವಿಂಡೋಸ್ 7ರವರು. ಬ್ಯಾಂಕ್ ಪಾಸ್‌ವರ್ಡ್, ಆಧಾರ್ ಸ್ಕ್ಯಾನ್, ಜಮೀನಿನ ಪಹಣಿ, ಎಲ್ಲ ಒಂದೇ ಲ್ಯಾಪ್‌ಟಾಪ್‌ನಲ್ಲಿ ಇಟ್ಟುಕೊಂಡು ಅಪ್‌ಡೇಟ್ ಆಫ್ ಮಾಡಿ ಕೂರುವುದನ್ನು ನಾನು ಒಪ್ಪುವುದಿಲ್ಲ.

ಎಲ್ಲ ನೋಡಿಯೂ ಅಪ್‌ಡೇಟಿನದ್ದೇ ತಪ್ಪು ಅಂತ ಖಾತ್ರಿ ಆದರೆ ಅದೊಂದನ್ನು ಮಾತ್ರ ತೆಗೆಯಿರಿ. ಅಪ್‌ಡೇಟ್ ಹಿಸ್ಟರಿಯಲ್ಲಿ ಅನ್‌ಇನ್‌ಸ್ಟಾಲ್ ಇದೆ. ವರ್ಷಕ್ಕೊಮ್ಮೆ ಬರುವ ದೊಡ್ಡ ಆವೃತ್ತಿ ಆಗಿದ್ದರೆ ರಿಕವರಿ ಒಳಗೆ ಗೋ ಬ್ಯಾಕ್ ಸಿಗಬಹುದು, ಆದರೆ ಅದು ಇರುವುದು ಹತ್ತೇ ದಿನ. ಆ ಹತ್ತು ದಿನದೊಳಗೆ ಜಾಗ ಮಾಡೋಣ ಅಂತ ಹಳೆಯ ಆವೃತ್ತಿ ಇರುವ ವಿಂಡೋಸ್ ಡಾಟ್ ಓಲ್ಡ್ ಫೋಲ್ಡರ್ ಅಳಿಸಿದರೆ ಹಿಂದಕ್ಕೆ ಹೋಗುವ ದಾರಿ ಮುಚ್ಚಿತು.

ಪ್ರಶ್ನೆ: ಟೆಂಪ್ ಮತ್ತು ಪ್ರೀಫೆಚ್ ಫೋಲ್ಡರ್ ದಿನಾ ಖಾಲಿ ಮಾಡಿದರೆ ಸ್ಪೀಡ್ ಆಗುತ್ತಾ?

ಇಲ್ಲ. ಪ್ರೀಫೆಚ್ ಇರುವುದೇ ಸಾಫ್ಟ್‌ವೇರ್ ಬೇಗ ತೆರೆಯಲಿ ಅಂತ, ಅದನ್ನು ಅಳಿಸಿದರೆ ಇನ್ನೂ ನಿಧಾನ.

ಪ್ರಶ್ನೆ: ರಿಜಿಸ್ಟ್ರಿ ಕ್ಲೀನರ್, ಪಿಸಿ ಬೂಸ್ಟರ್, ಡ್ರೈವರ್ ಅಪ್‌ಡೇಟರ್, ಇವುಗಳಲ್ಲಿ ಯಾವುದು ಒಳ್ಳೆಯದು?

ಯಾವುದೂ ಬೇಡ. "ನಿಮ್ಮ ಕಂಪ್ಯೂಟರ್‌ನಲ್ಲಿ 1,843 ದೋಷಗಳಿವೆ" ಅಂತ ಕೆಂಪು ಅಕ್ಷರದಲ್ಲಿ ತೋರಿಸಿ ಹೆದರಿಸುವುದೇ ಅವುಗಳ ವ್ಯಾಪಾರ. ನನ್ನ ಹತ್ತಿರ ಬರುವ ಸ್ಲೋ ಮೆಷಿನ್‌ಗಳಲ್ಲಿ ಇಂಥದ್ದು ಎರಡು ಮೂರು ಒಟ್ಟಿಗೆ ಇರುತ್ತವೆ. ಆನ್ ಆದ ಕೂಡಲೇ ತಾವೂ ಏಳುತ್ತವೆ, ರ‍್ಯಾಮ್ ತಿನ್ನುತ್ತವೆ. ಮೊದಲು ಅವನ್ನು ಕಿತ್ತುಹಾಕುತ್ತೇನೆ.

ಪ್ರಶ್ನೆ: ಮೈಕ್ರೋಸಾಫ್ಟ್‌ನಿಂದ ಅಂತ ಫೋನ್ ಬಂತು. ಅಪ್‌ಡೇಟ್ ಸರಿಯಾಗಿ ಆಗಿಲ್ಲ, ರಿಮೋಟ್‌ನಲ್ಲಿ ಸರಿ ಮಾಡುತ್ತೇವೆ ಅಂದರು. ಒಪ್ಪಬಹುದಾ?

ಫೋನ್ ಇಡಿ. ಮೈಕ್ರೋಸಾಫ್ಟ್ ತಾನಾಗಿ ಯಾರಿಗೂ ಹೀಗೆ ಫೋನ್ ಮಾಡುವುದಿಲ್ಲ. ಆಗಲೇ ದುಡ್ಡು ಹೋಗಿದ್ದರೆ ಇದನ್ನು ಓದುತ್ತಾ ಕೂರಬೇಡಿ, ಈಗಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಪ್ರಶ್ನೆ: ಲೈಟ್ ವಿಂಡೋಸ್ ಅಂತ ಒಬ್ಬರು ಪೆನ್‌ಡ್ರೈವ್‌ನಲ್ಲಿ ಹಾಕಿಕೊಡುತ್ತಾರೆ. ಅಪ್‌ಡೇಟ್ ಬರಲ್ಲ, ಡಿಫೆಂಡರ್ ಇಲ್ಲ, ತುಂಬಾ ಫಾಸ್ಟ್ ಅಂತೆ.

ಯಾರು ಬಿಚ್ಚಿ ಜೋಡಿಸಿದ್ದು, ಒಳಗೆ ಏನು ಸೇರಿಸಿದ್ದಾರೆ ಅಂತ ಹಾಕಿಕೊಡುವವರಿಗೇ ಗೊತ್ತಿರುವುದಿಲ್ಲ. ಅದರಲ್ಲಿ ನೆಟ್ ಬ್ಯಾಂಕಿಂಗ್ ಮಾಡುತ್ತೀರಾ? ನಾನಂತೂ ಅದನ್ನು ಮುಟ್ಟುವುದಿಲ್ಲ.

ಪ್ರಶ್ನೆ: ವಿಂಡೋಸ್ 10ರಲ್ಲೇ ಇದ್ದೇನೆ. 11ಕ್ಕೆ ಹೋದರೆ ಸ್ಲೋ ಆಗುತ್ತಾ?

ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ (ತಿಂಗಳ ಅಪ್‌ಡೇಟ್) 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. 8 ಜಿಬಿ ರ‍್ಯಾಮ್, ಎಸ್‌ಎಸ್‌ಡಿ ಇದ್ದು, ನಿಮ್ಮ ಮೆಷಿನ್ 11ಕ್ಕೆ ಅರ್ಹ ಅಂತ ವಿಂಡೋಸೇ ತೋರಿಸಿದರೆ ಹೋಗಿ. ಅರ್ಹ ಅಲ್ಲದ್ದಕ್ಕೆ ಅಡ್ಡದಾರಿಯಲ್ಲಿ 11 ಹಾಕಿಸಬೇಡಿ. ಬ್ರೌಸಿಂಗ್, ಪತ್ರ ಬರೆಯುವುದು, ವಿಡಿಯೊ, ಇಷ್ಟೇ ಬೇಕಿದ್ದರೆ ಅಂಥ ಹಳೆಯ ಮೆಷಿನಿಗೆ ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಅನ್ನುವ ಆಪರೇಟಿಂಗ್ ಸಿಸ್ಟಮ್ ಹಾಕಿಕೊಳ್ಳಿ. ಕಲಿಯಲು ಒಂದು ವಾರ ಸಾಕು.

ಪ್ರಶ್ನೆ: ಹೊಸ ವಿಂಡೋಸ್‌ಗೆ ಬಂದ ಮೇಲೆ ತುಂಗಾ ಫಾಂಟ್ ಕಾಣೆಯಾಗಿದೆ. ಹಳೆಯ ಕನ್ನಡ ಫೈಲುಗಳ ಅಂದವೇ ಹೋಯಿತು.

ಕಳೆದುಹೋಗಿಲ್ಲ. ವಿಂಡೋಸ್ 10ರಿಂದ ಅದನ್ನು ಬೇಕಾದವರು ಹಾಕಿಕೊಳ್ಳಲಿ ಅಂತ ಪಕ್ಕಕ್ಕಿಟ್ಟಿದ್ದಾರೆ. ಆಪ್ಷನಲ್ ಫೀಚರ್ಸ್‌ಗೆ ಹೋಗಿ ಕನ್ನಡ ಸಪ್ಲಿಮೆಂಟಲ್ ಫಾಂಟ್ಸ್ ಹುಡುಕಿ ಹಾಕಿಕೊಳ್ಳಿ. ಇದಕ್ಕೆ ಇನ್ನೂರು ರೂಪಾಯಿ ಕೊಟ್ಟೆ ಅಂತ ಒಬ್ಬರು ಬರೆದಿದ್ದಾರೆ, ಓದಿ ಬೇಜಾರಾಯಿತು.

ಪ್ರಶ್ನೆ: ಅಪ್‌ಡೇಟ್ 30%ಗೆ ನಿಂತು ಒಂದು ಗಂಟೆ ಆಯಿತು. ಪವರ್ ಬಟನ್ ಒತ್ತಿ ಆಫ್ ಮಾಡಲಾ?

ಬೇಡ. ಡಿಸ್ಕಿನ ಸಣ್ಣ ದೀಪ ಇದ್ದರೆ ನೋಡಿ, ಅದು ಮಿಣುಕುತ್ತಿದ್ದರೆ ಕೆಲಸ ನಡೆಯುತ್ತಿದೆ ಅಂತ. ಹಳೆಯ ಹಾರ್ಡ್ ಡಿಸ್ಕ್ ಆಗಿದ್ದರೆ ಮೂರ್ನಾಲ್ಕು ಗಂಟೆ ಹಿಡಿದದ್ದನ್ನೂ ನೋಡಿದ್ದೇನೆ. ಚಾರ್ಜರ್ ಹಾಕಿಯೇ ಇರಲಿ. ಡೆಸ್ಕ್‌ಟಾಪ್ ಆದರೆ, ಮಳೆ ಗಾಳಿ ಇದ್ದು ಕರೆಂಟ್ ಹೋಗಿ ಬಂದು ಮಾಡುವ ದಿನ, ಯುಪಿಎಸ್ ಇಲ್ಲದೆ ಅಪ್‌ಡೇಟ್ ಶುರು ಮಾಡಲೇಬೇಡಿ.