ಹಳೆಯ ಜೆನ್‌ಗೆ ಹೊಳೆಯುವ ಡಯಲ್

ಪ್ರಶ್ನೆ: ನನ್ನ ಹಳೆಯ ಮಾರುತಿ ಜೆನ್ ಕಾರಿನ ಮೀಟರ್‌ಗಳಿಗೆ ನೀಲಿಯಾಗಿ ಹೊಳೆಯುವ ಡಯಲ್ ಹಾಳೆ ತಂದಿದ್ದೇನೆ. ಮುಳ್ಳು ಕೀಳದೆ ಕೂರಿಸಬಹುದೇ?
– ಓದುಗರು, ಹಾಸನ

ಉತ್ತರ: ಮುಳ್ಳು ನುಸುಳುವಷ್ಟು ಸೀಳು ಹಾಳೆಯಲ್ಲಿದ್ದರೆ ಖಂಡಿತ ಕೀಳಬೇಡಿ. ಕೇಬಲ್‌ನಿಂದ ನಡೆಯುವ ಸ್ಪೀಡೋಮೀಟರ್‌ನಲ್ಲಿ ಮುಳ್ಳಿನ ದಂಡಕ್ಕೆ ಕೂದಲೆಳೆಯಂಥ ಸುರುಳಿ ಸ್ಪ್ರಿಂಗ್ ಇರುತ್ತದೆ. ಎಳೆದಾಗ ಅದು ಬಾಗಿದರೆ ವೇಗ ತಪ್ಪಾಗಿ ತೋರುತ್ತದೆ. ನನ್ನ ಮೇಜಿಗೆ ಬರುವ ಎಷ್ಟೋ ಮೀಟರ್‌ಗಳು ಹೀಗೆಯೇ ಕೆಟ್ಟಿರುತ್ತವೆ, ನೋಡಿದರೆ ಸಂಕಟವಾಗುತ್ತದೆ.

ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿಯೇ ಕೆಲಸ ಶುರು ಮಾಡಿ. ಇಂಥ ಹಾಳೆ 12 ವೋಲ್ಟ್‌ನಲ್ಲಿ ನೇರವಾಗಿ ಬೆಳಗುವುದಿಲ್ಲ. ಜೊತೆಗೆ ಬರುವ ಪುಟ್ಟ ಇನ್ವರ್ಟರ್ ಅದನ್ನು ಸುಮಾರು 100 ವೋಲ್ಟ್ ಎಸಿಗೆ (ಪರ್ಯಾಯ ವಿದ್ಯುತ್ತಿಗೆ) ಏರಿಸುತ್ತದೆ. ಹಾಳೆ ಬೆಳಗುವಾಗ ಇನ್ವರ್ಟರ್‌ನಿಂದ ಅದಕ್ಕೆ ಹೋಗುವ ತಂತಿಯ ತುದಿಗಳನ್ನು ಮುಟ್ಟಬೇಡಿ. ಇನ್ವರ್ಟರ್ ಸಣ್ಣಗೆ ಗುಂಯ್‌ಗುಡುವುದುಂಟು, ರೇಡಿಯೊದಿಂದ ದೂರವಿಡಿ. ವಿದ್ಯುತ್ತನ್ನು ಪಾರ್ಕಿಂಗ್ ದೀಪದ ತಂತಿಯಿಂದ ಫ್ಯೂಸ್ ಸೇರಿಸಿ ಪಡೆಯಿರಿ. ಆಯಿಲ್, ಬ್ರೇಕ್ ಎಚ್ಚರಿಕೆ ದೀಪಗಳನ್ನು ಹಾಳೆ ಮರೆಮಾಡುವುದಾದರೆ ಅದು ಬೇಡವೇ ಬೇಡ, ಹಿಂದಿರುಗಿಸಿ.