ಓದುಗರ ಪ್ರಶ್ನೆ, ತಜ್ಞರ ಉತ್ತರ: ಸೋಲಾರ್ ಬಿಸಿನೀರು

ಮನೆಯಲ್ಲಿ ನಾಲ್ಕು ಜನ. ಬೋರ್‌ವೆಲ್ ನೀರು, ಬಕೆಟ್ ಅಂಚಿನಲ್ಲಿ ಬಿಳಿ ಕಲೆ ಕೂರುತ್ತದೆ. ಟ್ಯೂಬ್ ಮಾದರಿ ಒಳ್ಳೆಯದೋ, ಪ್ಲೇಟ್ ಮಾದರಿಯೋ? ಎಷ್ಟು ಲೀಟರಿನದು ಬೇಕು?
– ಓದುಗರು, ತುಮಕೂರು

ಬಕೆಟ್ ಸ್ನಾನವಾದರೆ 150 ಲೀಟರ್ ಧಾರಾಳ. ಶವರ್ ಬಳಸುವವರಿದ್ದರೆ, ಅಡುಗೆಮನೆಗೂ ಲೈನ್ ಎಳೆಯುವುದಿದ್ದರೆ 200 ತೆಗೆದುಕೊಳ್ಳಿ. ಆ ಬಿಳಿ ಕಲೆ ಗಡಸು ನೀರಿನ ಗುರುತು. ಪ್ಲೇಟ್ ಮಾದರಿಯ ಸಣ್ಣ ತಾಮ್ರದ ಕೊಳವೆಗಳಲ್ಲಿ ಅದೇ ಸುಣ್ಣ ಕಟ್ಟಿ ನೀರಿನ ಓಡಾಟ ನಿಲ್ಲಿಸುತ್ತದೆ. ಗಾಜಿನ ಟ್ಯೂಬಿನಲ್ಲೂ ಸುಣ್ಣ ಕೂರುತ್ತದೆ, ಆದರೆ ಟ್ಯೂಬನ್ನು ಹೊರಗೆಳೆದು ತೊಳೆಯಬಹುದು. ಹಾಗಾಗಿ ನಿಮಗೆ ಟ್ಯೂಬೇ ಸರಿ. ಒಳಟ್ಯಾಂಕಿಗೆ ಗಾಜಿನ ಲೇಪನವಿರಲಿ, ಮೆಗ್ನೀಸಿಯಂ ಆನೋಡ್ ಇದೆಯೇ ಎಂದು ಕೇಳಿ. ಲೋಹವನ್ನು ಉಳಿಸಲು ತಾನು ಸವೆಯುವ ಕಡ್ಡಿ ಅದು. ಗಡಸು ನೀರಿದ್ದಲ್ಲಿ ವರ್ಷಕ್ಕೊಮ್ಮೆ ಬಿಚ್ಚಿ ನೋಡಬೇಕು.

ಮುಖ ದಕ್ಷಿಣಕ್ಕಿರಲಿ. ನೆರಳನ್ನು ಏಪ್ರಿಲ್‌ನಲ್ಲಿ ನೋಡಿ ಜಾಗ ಗೊತ್ತುಮಾಡಬೇಡಿ, ಆಗ ಸೂರ್ಯ ನೆತ್ತಿಯ ಮೇಲಿರುತ್ತಾನೆ. ಡಿಸೆಂಬರ್ ಕೊನೆಗೆ ನಿಮ್ಮೂರಲ್ಲಿ ನಡುಮಧ್ಯಾಹ್ನವೂ ಸೂರ್ಯನ ಎತ್ತರ ಸುಮಾರು 53 ಡಿಗ್ರಿ ಮಾತ್ರ. ಪಕ್ಕದ ಮನೆಯ ಲಿಫ್ಟ್ ರೂಮಿನ ನೆರಳು ಬೀಳುವುದು ಆಗಲೇ, ಬಿಸಿನೀರು ಹೆಚ್ಚು ಬೇಕಾಗುವುದೂ ಆಗಲೇ.

30×40 ಸೈಟಿನ ಮನೆಗಳಲ್ಲಿ ಸಾಮಾನ್ಯವಾಗಿ ತಪ್ಪುವುದು ಎತ್ತರ. ತಣ್ಣೀರಿನ ಟ್ಯಾಂಕಿನ ತಳ ಸೋಲಾರ್ ಟ್ಯಾಂಕಿನ ನೆತ್ತಿಗಿಂತ ಕನಿಷ್ಠ ಒಂದು ಅಡಿ ಮೇಲಿರಬೇಕು. ಇಲ್ಲದಿದ್ದರೆ ತಣ್ಣೀರಿನ ಟ್ಯಾಂಕ್ ಅರ್ಧ ಖಾಲಿಯಾದಾಗ ಬಿಸಿನೀರು ಬರುವುದಿಲ್ಲ. ತೀರಾ ಎತ್ತರವೂ ಬೇಡ, ಟ್ಯೂಬಿನ ಬಾಯಿಗಿರುವ ಸಿಲಿಕಾನ್ ರಿಂಗ್ ಒತ್ತಡ ತಾಳದೆ ಸೋರುತ್ತದೆ. ಗರಿಷ್ಠ ಎತ್ತರ ಕಂಪನಿಯ ಕೈಪಿಡಿಯಲ್ಲಿರುತ್ತದೆ. 200 ಲೀಟರ್ ಎಂದರೆ ನೀರೇ 200 ಕೆ.ಜಿ., ಸ್ಟ್ಯಾಂಡಿನ ಕಾಲುಗಳು ಬೀಮ್ ಮೇಲೆ ಬರಲಿ.

ಬಿಸಿನೀರಿಗೆ ಸಿಪಿವಿಸಿ ಪೈಪನ್ನೇ ಹಾಕಿಸಿ. ಮಾಮೂಲಿ ಪಿವಿಸಿ ಬಿಸಿಗೆ ಮೆತ್ತಗಾಗಿ ಜೋತುಬೀಳುತ್ತದೆ. ಪೈಪ್ ದಪ್ಪ ಇದ್ದಷ್ಟೂ ಒಳ್ಳೆಯದೆಂಬ ಮಾತನ್ನು ಪೂರ್ತಿ ನಂಬಬೇಡಿ. 20 ಮೀಟರ್ ಮುಕ್ಕಾಲಿಂಚು ಪೈಪಿನಲ್ಲಿ ಸುಮಾರು 5 ಲೀಟರ್ ನೀರು ನಿಂತಿರುತ್ತದೆ, ಬೆಳಿಗ್ಗೆ ಅಷ್ಟೂ ತಣ್ಣಗೆ ಹರಿದ ಮೇಲೆಯೇ ಬಿಸಿ. ಮುಖ್ಯ ಲೈನ್ ಮುಕ್ಕಾಲಿಂಚು ಇರಲಿ, ಪ್ರತಿ ನಲ್ಲಿಗೆ ಹೋಗುವ ಕವಲು ಅರ್ಧ ಇಂಚು ಸಾಕು.

ತಾರಸಿಯಲ್ಲಿ ನೀರು ಕೈ ಸುಡುವಷ್ಟು ಬಿಸಿ. ಬಚ್ಚಲಲ್ಲಿ ಉಗುರುಬೆಚ್ಚಗೆ. ಪೈಪಿಗೆ ಫೋಮ್ ಸುತ್ತಿಸಿದರೂ ಪ್ರಯೋಜನವಿಲ್ಲ.
– ಓದುಗರು, ಮೈಸೂರು

ಹೀಟರ್ ಸರಿಯಾಗಿಯೇ ಇದೆ. ಎಲ್ಲೋ ಒಂದು ಮಿಕ್ಸರ್ (ಬಿಸಿನೀರು, ತಣ್ಣೀರು ಬೆರೆಸುವ ನಲ್ಲಿ) ಮೂಲಕ ತಣ್ಣೀರು ಬಿಸಿನೀರಿನ ಲೈನಿಗೆ ನುಗ್ಗುತ್ತಿರುವ ಸಾಧ್ಯತೆ ಹೆಚ್ಚು. ಹೀಗೆ ಪರೀಕ್ಷಿಸಿ: ಸೋಲಾರ್ ಟ್ಯಾಂಕಿಗೆ ತಣ್ಣೀರು ಹೋಗುವ ಗೇಟ್ ವಾಲ್ವ್ ಮುಚ್ಚಿ, ಕೆಳಗೆ ಬಿಸಿನೀರಿನ ನಲ್ಲಿ ಮಾತ್ರ ತೆರೆಯಿರಿ. ಪೈಪಿನಲ್ಲಿದ್ದದ್ದು ಹರಿದು ಸ್ವಲ್ಪ ಹೊತ್ತಿಗೆ ನೀರು ನಿಲ್ಲಬೇಕು. ನಿಲ್ಲದೆ ಹರಿಯುತ್ತಲೇ ಇದ್ದರೆ ಬರುತ್ತಿರುವುದು ತಣ್ಣೀರು.

ಆಮೇಲೆ ಪ್ರತಿ ಮಿಕ್ಸರಿನ ಕೆಳಗಿನ ಆಂಗಲ್ ವಾಲ್ವ್‌ಗಳನ್ನು ಒಂದೊಂದಾಗಿ ಮುಚ್ಚುತ್ತಾ ಹೋಗಿ. ಯಾವುದನ್ನು ಮುಚ್ಚಿದಾಗ ನೀರು ನಿಂತಿತೋ ಕಳ್ಳ ಅಲ್ಲೇ. ಮಿಕ್ಸರಿಗೆ ಜೋಡಿಸಿದ ಹ್ಯಾಂಡ್ ಶವರ್ ಇದ್ದರೆ ಮೊದಲು ಅದನ್ನು ನೋಡಿ: ಟ್ರಿಗರ್ ಬಿಟ್ಟಾಗ ನೀರು ನಿಲ್ಲುತ್ತದೆ, ಮಿಕ್ಸರಿನ ಎರಡೂ ಕಡೆ ತೆರೆದೇ ಇರುತ್ತದೆ. ತಣ್ಣೀರಿನ ಲೈನಿಗೆ ಮಾತ್ರ ಪ್ರೆಷರ್ ಪಂಪ್ ಹಾಕಿಸಿದ್ದರಂತೂ ಮನೆಯೆಲ್ಲಾ ಇದೇ ಕಥೆ.

ಟ್ಯಾಂಕಿನ ಮೇಲಿನ ಏರ್ ವೆಂಟ್ ಪೈಪಿನಿಂದ ನೀರು ಸುರಿಯುತ್ತಿತ್ತು. ಪ್ಲಂಬರ್ ಎಂಡ್ ಕ್ಯಾಪ್ ಹಾಕಿ ನಿಲ್ಲಿಸಿದರು. ಈಗ ಟ್ಯಾಂಕ್ ಒಂದು ಕಡೆ ಒಳಕ್ಕೆ ಕುಸಿದಂತಿದೆ.
– ಓದುಗರು, ಹಾಸನ

ಕ್ಯಾಪನ್ನು ಇವತ್ತೇ ತೆಗೆಸಿ. ಟ್ಯಾಂಕ್ ಉಸಿರಾಡುವುದು ಆ ಪೈಪಿನಿಂದಲೇ. ತಣ್ಣೀರು ಬರುವುದು ನಿಂತಾಗ ಬಿಸಿನೀರು ಕೆಳಗಿಳಿದರೆ ಖಾಲಿಯಾದ ಜಾಗಕ್ಕೆ ಗಾಳಿ ಬರಬೇಕು. ಬಾರದಿದ್ದರೆ ಹೊರಗಿನ ಗಾಳಿಯ ಒತ್ತಡಕ್ಕೆ ತೆಳು ತಗಡು ಒಳಕ್ಕೆ ಮುದುಡುತ್ತದೆ. ನೀರು ಕಾದು ಆವಿಯಾದರೆ ಒಳಗೆ ಒತ್ತಡ ಕಟ್ಟಿಕೊಳ್ಳುವ ಅಪಾಯವೂ ಇದೆ. ನೀರು ಸುರಿಯುತ್ತಿದ್ದದ್ದು ವೆಂಟ್ ಗಿಡ್ಡವಾಗಿದ್ದರಿಂದ ಇರಬೇಕು. ತಣ್ಣೀರಿನ ಟ್ಯಾಂಕಿನ ನೆತ್ತಿಗಿಂತ ಒಂದಡಿ ಮೇಲಕ್ಕೆ ಎಳೆಸಿ, ತುದಿಯನ್ನು ಕೆಳಮುಖವಾಗಿ ಬಾಗಿಸಿ. ಆಮೇಲೂ ಸುರಿದರೆ ಮೇಲಿನ ಮೈಸೂರಿನ ಉತ್ತರ ನೋಡಿ. ಕುಸಿದ ಟ್ಯಾಂಕ್ ಹಿಂದಿನ ಆಕಾರಕ್ಕೆ ಬರುವುದಿಲ್ಲ. ಬೆಸುಗೆಯಲ್ಲಿ ಸೋರಿಕೆ ಇಲ್ಲದಿದ್ದರೆ ಸದ್ಯಕ್ಕೆ ಬಳಸಬಹುದು.

ಒಡೆದ ಟ್ಯೂಬ್ ಬದಲಿಸಿ ನೀರು ಬಿಟ್ಟ ಕೂಡಲೇ ಹೊಸದೂ ಸೀಳಿತು.
– ಓದುಗರು, ವಿಜಯಪುರ

ಬಿಸಿಲಿನಲ್ಲಿ ಹಾಕಿರಬೇಕು. ಖಾಲಿ ಟ್ಯೂಬಿನ ಒಳಗೆ 200 ಡಿಗ್ರಿ ದಾಟಬಹುದು, ಅದಕ್ಕೆ ತಣ್ಣೀರು ಬಿದ್ದರೆ ಗಾಜು ಉಳಿಯುವುದಿಲ್ಲ. ಸೂರ್ಯ ಹುಟ್ಟುವ ಮೊದಲು ಹಾಕಿಸಿ. ರಿಂಗಿಗೆ ಸೋಪು ನೀರು ಸವರಿ, ತಿರುಗಿಸುತ್ತಾ ಒಳಗೆ ತಳ್ಳಿ. ಕೊಳ್ಳುವಾಗ ಟ್ಯೂಬಿನ ತುದಿ ನೋಡಿ: ಬೆಳ್ಳಿಯಂತೆ ಹೊಳೆಯಬೇಕು. ಅಲ್ಲಿ ಸುಣ್ಣದಂತೆ ಬೆಳ್ಳಗಾಗಿದ್ದರೆ ಎರಡು ಪದರ ಗಾಜಿನ ನಡುವಿನ ನಿರ್ವಾತ ಹೋಗಿದೆ, ಬೇಡ.

ಮಳೆಗಾಲದಲ್ಲಿ ಬ್ಯಾಕಪ್ ಕಾಯಿಲ್ (ಟ್ಯಾಂಕಿನೊಳಗಿನ ವಿದ್ಯುತ್ ಹೀಟರ್) ಎಷ್ಟು ಹೊತ್ತು ಹಾಕಬೇಕು?
– ಓದುಗರು, ಸಾಗರ

200 ಲೀಟರ್ ನೀರನ್ನು 20 ಡಿಗ್ರಿ ಏರಿಸಲು 2 ಕಿಲೋವಾಟ್ ಕಾಯಿಲ್‌ಗೆ ಸುಮಾರು ಎರಡೂಕಾಲು ಗಂಟೆ, ಹೆಚ್ಚುಕಡಿಮೆ 4.7 ಯೂನಿಟ್. ಇಬ್ಬರ ಸ್ನಾನಕ್ಕೆ ಟ್ಯಾಂಕ್ ಪೂರ್ತಿ ಕಾಯಿಸುವುದು ದಂಡ. ಬಚ್ಚಲಲ್ಲಿ 15 ಲೀಟರಿನ ಗೀಸರ್ ಇದ್ದರೆ 30 ಡಿಗ್ರಿ ಏರಿಸಲು ಅರ್ಧ ಯೂನಿಟ್ ಸಾಕು. ಕಾಯಿಲನ್ನೇ ಬಳಸುವುದಾದರೆ ಅರ್ಥಿಂಗ್ ಪರೀಕ್ಷಿಸಿಯೇ ಸ್ವಿಚ್ ಹಾಕಿ.